ಶುಭಾಳ ಆಣೆವಾರಿ

ಪಾಂಡುರಂಗರಾಯರು ಇಪ್ಪತ್ತೆಂಟು ವರ್ಷದಿಂದ ಉಣ್ಣುತ್ತಿರುವುದು ಅಂದಾಜಿನ ಅನ್ನ. ಆಡಿಕೊಳ್ಳಲು ಹೇಳುತ್ತಿಲ್ಲ, ಅವರ ಕೆಲಸವೇ ಅದು. ನಮ್ಮ ಕಚೇರಿಯಲ್ಲಿ ಬೆಳೆ ಅಂದಾಜಿನ ಮೇಜು ಅವರದು, ಅದಕ್ಕೆ ಅಂಟಿಕೊಂಡ ಮೇಜು ನನ್ನದು. ಕಚೇರಿ ಯಾವುದೆಂದು ಮಾತ್ರ ಕೇಳಬೇಡಿ. ನಮ್ಮ ಸೀಮೆಯಲ್ಲಿ ಮಳೆಗೆ ಬರ ಇದ್ದರೂ ಕಚೇರಿಗಳಿಗೆ ಬರವಿಲ್ಲ. ನಿಮಗೆ ಯಾವುದರ ಮೇಲೆ ಸಿಟ್ಟಿದೆಯೋ ಅದೇ ಎಂದುಕೊಳ್ಳಿ.

ಹೊಲದಲ್ಲಿ ನಿಂತ ತೊಗರಿಯನ್ನು ನೋಡಿ, ಪೂರ್ತಿ ಬೆಳೆಯಲ್ಲಿ ಎಷ್ಟು ಪಾಲು ಕೈಗೆ ಬಂದೀತು ಎಂದು ಹೇಳುವುದಕ್ಕೆ ಹಿಂದಿನವರು ಆಣೆವಾರಿ ಎನ್ನುತ್ತಿದ್ದರು. ಹದಿನಾರಾಣೆ ಎಂದರೆ ಕಣ ತುಂಬಿತು. ಎಂಟಾಣೆ ಎಂದರೆ ಅರ್ಧ. ಮೂರಾಣೆ ಎಂದರೆ ಸರ್ಕಾರ ಪರಿಹಾರ ಕೊಡಲೇಬೇಕು. ಈಗ ಫಾರಮುಗಳಲ್ಲಿ ಶೇಕಡಾ ಬಂದಿದೆ, ಮೊಬೈಲಿನಲ್ಲಿ ಆ್ಯಪ್ ಬಂದಿದೆ, ಆಕಾಶದಿಂದ ಫೋಟೋ ತೆಗೆಯುತ್ತಾರೆ. ರಾಯರು ಮಾತ್ರ ಆಣೆ ಬಿಟ್ಟಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ "ಐದೂವರೆ ಆಣೆ" ಎಂದು ಹೇಳಿ ಮತ್ತೆ ನಿದ್ದೆ ಹೋಗುತ್ತಾರೆ. ಇಡೀ ಸೇವೆಯಲ್ಲಿ ಅವರು ಏಳಾಣೆಯ ಮೇಲೆ ಬರೆದದ್ದನ್ನು ನಾನು ನೋಡಿಲ್ಲ. ತೊಗರಿ ಆಳೆತ್ತರ ಬೆಳೆದು, ರೈತ ಹೊಲದಲ್ಲಿ ನಿಂತು ನಗುತ್ತಿದ್ದರೂ ರಾಯರ ಪೆನ್ನು ಆರಕ್ಕೇ ನಿಲ್ಲುತ್ತಿತ್ತು. ಕಡಿಮೆ ಬರೆದವನನ್ನು ಇಂದಿಗೂ ಯಾವ ರೈತನೂ ಬೈದಿಲ್ಲ ಎಂಬುದು ಅವರ ಅನುಭವ. ಈ ಅನುಭವವೇ ಅವರ ಮಗಳ ತಲೆಯ ಮೇಲೆ ಬಂದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡವನು.

ಮಗಳ ಹೆಸರು ಶುಭಾ. ಹದಿನೇಳು ವರ್ಷ. ಪಿಯುಸಿ ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ನಾಲ್ಕು. ಇಷ್ಟು ಅಂಕ ಬಂದ ಮಕ್ಕಳು ಡಾಕ್ಟರೋ ಎಂಜಿನಿಯರೋ ಆಗುತ್ತೇವೆ ಎನ್ನುತ್ತಾರೆ. ಈ ಹುಡುಗಿ ಕಲ್ಲು ಓದುತ್ತೇನೆ ಎಂದಳು. ಅಂದರೆ ಭೂಗರ್ಭಶಾಸ್ತ್ರ. ಶಹಾಬಾದಿನ ಗಣಿಯ ನೆಲಹಾಸು ಫರಸಿ, ವಾಡಿಯ ಸುಣ್ಣಕಲ್ಲು, ಚಿಂಚೋಳಿ ಗುಡ್ಡದ ಕೆಂಪು ಕಲ್ಲು, ಎಲ್ಲ ಇವಳ ಕಪಾಟಿನಲ್ಲಿದ್ದವು. ಒಮ್ಮೆ ಕಾಗಿಣಾ ನದಿಯ ದಂಡೆಯಿಂದ ಒಂದು ಕರಿಯ ದುಂಡುಗಲ್ಲು ತಂದು ಒಣಗಲಿಟ್ಟಿದ್ದಳು. ಅವಳ ಅಜ್ಜಿ ರುಕ್ಮಿಣಿಬಾಯಿ ಅದನ್ನು ಸಾಲಿಗ್ರಾಮವೆಂದು ತಿಳಿದು ನಾಲ್ಕು ದಿನ ಹಾಲೆರೆದು ತುಳಸಿ ಏರಿಸಿದರು. ಐದನೆಯ ದಿನ ಮೊಮ್ಮಗಳು ಅದನ್ನು ಸುತ್ತಿಗೆಯಿಂದ ಒಡೆದು ಒಳಗೆ ಏನಿದೆ ಎಂದು ನೋಡಿದಾಗ ಆ ಮನೆಯಲ್ಲಿ ಆದ ಗದ್ದಲ ಸೇಡಂ ಬಸ್ ನಿಲ್ದಾಣದವರೆಗೆ ಕೇಳಿತ್ತು.

ಅವಳಿಗೆ ಬೇಕಾದದ್ದು ಸಿಕಂದರಾಬಾದಿನ ಸೇಂಟ್ ಬ್ಲೇಸಿಯಸ್ ಕಾಲೇಜು. ಪಾದ್ರಿಗಳು ನಡೆಸುವ ಹಳೆಯ ಕಾಲೇಜು, ಕಲ್ಲಿನ ವಿಭಾಗಕ್ಕೆ ನಲವತ್ತೇ ಸೀಟು, ಅರ್ಜಿ ಇನ್ನೂರಕ್ಕೂ ಮೇಲೆ. ಸಿಕ್ಕರೆ ಅಲ್ಲಿ. ಸಿಗದಿದ್ದರೆ ಕಲಬುರ್ಗಿಯಲ್ಲಿರುವ ರಾಯರ ಅಕ್ಕನ ಮನೆ, ಅಕ್ಕನ ಮನೆಗೆ ಹತ್ತಿರವಿರುವ ಕಾಲೇಜು, ಅಲ್ಲಿ ಬಿ.ಕಾಂ. ಆ ಅಕ್ಕನ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಮಡಿನೀರು ತರುವುದರಿಂದ ದಿನ ಶುರುವಾಗುತ್ತದೆ. ಹಿಂದೆ ಅಲ್ಲಿ ಓದಲು ಹೋದ ಮೂವರು ಹುಡುಗಿಯರು ಹೋಳಿಗೆಯಲ್ಲಿ ಪ್ರಾವೀಣ್ಯ ಪಡೆದು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಂದಿದ್ದಾರೆ. ಶುಭಾಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅರ್ಜಿ ತುಂಬುವಾಗ ಒಂದೊಂದು ಸಾಲನ್ನೂ ಮೂರು ಮೂರು ಸಲ ಓದಿ ನೋಡಿದಳು.

ಅರ್ಜಿಯ ಎಲ್ಲ ಪುಟ ಅವಳೇ ತುಂಬಿದಳು. ಕೊನೆಯ ಪುಟ ಮಾತ್ರ ತಂದೆ ತಾಯಿಯರದು. ಅವರು ತಮ್ಮ ಭಾಷೆಯಲ್ಲಿ, ತಮ್ಮ ಕೈಬರಹದಲ್ಲಿ ಬರೆದು, ಮಗುವಿಗೆ ತೋರಿಸದೆ ಮುಚ್ಚಿ ಕಳಿಸಬೇಕು. ಪ್ರಶ್ನೆ ಒಂದೇ: ನಿಮ್ಮ ಮಗುವಿಗೆ ನಮ್ಮಲ್ಲಿ ಪ್ರವೇಶ ಸಿಗುವ ಸಾಧ್ಯತೆ ಎಷ್ಟು? ನೀವೇ ಅಂದಾಜು ಮಾಡಿ, ಕಾರಣ ಬರೆಯಿರಿ.

ರಾಯರು ಆ ಪುಟವನ್ನು ಕಚೇರಿಗೆ ತಂದು ನನ್ನ ಮುಂದೆ ಹರವಿದರು. ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಬಡ್ತಿಯ ದಿನವೂ ನೋಡಿರಲಿಲ್ಲ.

"ದೇವಿಂದ್ರಪ್ಪ, ನೋಡಿದೇನು? ಅಂದಾಜು ಮಾಡ್ರಿ ಅಂದಾರ! ಇಡೀ ಹಿಂದೂಸ್ತಾನದಾಗ ಈ ಕೆಲಸ ಬರೋಬ್ಬರಿ ಮಾಡವ್ರು ಎಷ್ಟು ಮಂದಿ ಅದಾರ ಹೇಳು?"

"ನೀವೊಬ್ರೇ ನೋಡ್ರಿ ರಾಯರ" ಎಂದೆ ನಾನು. ಹನ್ನೊಂದರ ಚಹಾ ಅವರೇ ಕೊಡಿಸಬೇಕಾಗಿತ್ತು.

ಅವರು ಕೆಲಸವನ್ನು ಕಾಯ್ದೆ ಪ್ರಕಾರವೇ ಮಾಡಿದರು. ಬೆಳೆ ಅಂದಾಜಿಗೆ ಇಡೀ ಹೊಲ ಕೊಯ್ಯುವುದಿಲ್ಲ. ಅಂಕಿಗಳ ಪಟ್ಟಿಯೊಂದಿದೆ, ಕಣ್ಣು ಮುಚ್ಚಿ ಅದರಲ್ಲೊಂದು ಅಂಕಿ ಹಿಡಿಯಬೇಕು. ಆ ಅಂಕಿಗೆ ಬಂದ ಜಾಗದಲ್ಲಿ ಐದು ಮೀಟರು ಉದ್ದಗಲದ ಚೌಕ ಹಾಕಿ, ಅಷ್ಟನ್ನೇ ಕೊಯ್ದು ತೂಗಿ, ಅದರಿಂದ ಇಡೀ ಊರಿನ ಹಣೆಬರಹ ಹೇಳಬೇಕು. ರಾಯರು ಕಣ್ಣು ಮುಚ್ಚಿ ಹಿಡಿದ ಅಂಕಿಗೆ ಶುಭಾಳ ರಸಾಯನಶಾಸ್ತ್ರದ ಹಳೆಯ ನೋಟ್‌ಬುಕ್ಕಿನ ನಲವತ್ತೇಳನೆಯ ಪುಟ ಬಂತು. ಮಗಳು ಇಲ್ಲದಾಗ ಕದ್ದು ತಂದು, ಅದರ ಮೇಲೆ ಐದು ಸೆಂಟಿಮೀಟರಿನ ಚೌಕ ಬರೆದರು. ಸ್ಕೇಲು ಹಿಡಿದವನು ನಾನೇ. ಚೌಕದೊಳಗೆ ಮಾಸ್ತರರು ಕೆಂಪು ಮಸಿಯಲ್ಲಿ ಹೊಡೆದ ಒಂದು ಅಡ್ಡಗೆರೆ ಸಿಕ್ಕಿತು.

"ಕೀಡಿ ಬಿದ್ದದ" ಎಂದರು ರಾಯರು.

"ಒಂದೇ ಗೆರಿ ಅದ ರಾಯರ. ತೊಂಬತ್ನಾಕು ಮಾಡ್ಯಾಳ ಹುಡುಗಿ."

"ಅಂಕಪಟ್ಟಿ ಅಂದ್ರ ಉಪಗ್ರಹದ ಫೋಟೋ ಇದ್ದಂಗ. ಮ್ಯಾಲಿಂದ ಎಲ್ಲಾ ಹಸರ ಕಾಣ್ತದ. ಕೆಳಗ ಇಳದು ನೋಡಬೇಕು."

ಕೆಳಗಿಳಿದು ನೋಡಿದ ಅವರು ಮೂರಾಣೆ ಎಂದು ಬರೆದರು. ನಾನು ಚಹಾದ ಲೋಟ ಕೆಳಗಿಟ್ಟೆ. ಬೆಳೆಗೆ ಬರೆಯಲಿ, ಯಾರು ಬೇಡ ಎನ್ನುತ್ತಾರೆ, ಹೆತ್ತ ಮಗಳಿಗೆ ಮೂರಾಣೆಯೇ?

"ಅರೇ, ಇಷ್ಟು ವರ್ಷ ಸರ್ವಿಸ್ ಮಾಡಿ ನಿನಗ ಇಷ್ಟೂ ತಿಳೀಲಿಲ್ಲೇನು?" ಎಂದು ರಾಯರು ಕಾಲೇಜಿನ ಪುಸ್ತಿಕೆ ತೆರೆದು ತೋರಿಸಿದರು. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿತ್ತು, ಕಷ್ಟದಲ್ಲಿರುವವರ ಕೈ ಹಿಡಿಯುವುದೇ ನಮ್ಮ ಧ್ಯೇಯ. "ಓದು. ಇದು ಪರಿಹಾರ ಇಲಾಖಿ! ಛಲೋ ಬೆಳೀಗೆ ಯಾರಾದ್ರೂ ಪರಿಹಾರ ಕೊಡ್ತಾರೇನು? ಉಳಿದ ಅಪ್ಪಂದಿರೆಲ್ಲಾ ಹದಿನಾರಾಣೆ, ಹದಿನೆಂಟಾಣೆ ಅಂತ ಬರದು ಮಕ್ಕಳ ಸೀಟು ಹಾಳು ಮಾಡ್ತಾರ. ನಾ ಒಬ್ಬನ ಮೂರಾಣೆ. ಸೀಟು ಯಾರಿಗೆ ಬರ್ತದ ಹೇಳು?"

ಅವರ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ನನಗೆ ಅನ್ನಿಸಿತು. ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಊಟದ ಹೊತ್ತಾಯಿತು. ಬರೆದದ್ದನ್ನು ಅರಗಿನಿಂದ ಮುದ್ರೆ ಒತ್ತಿ ರಿಜಿಸ್ಟರ್ ಅಂಚೆಯಲ್ಲಿ ಹಾಕಿದರು. ಮನೆಯಲ್ಲಿ ಹೆಂಡತಿ ಪದ್ಮಜಾಬಾಯಿ ಏನು ಬರೆದಿರಿ ಎಂದು ಕೇಳಿದ್ದಕ್ಕೆ "ಗೌಪ್ಯ" ಎಂದರಂತೆ.

ಎರಡು ವಾರಕ್ಕೆ ರಾಯರ ಮೊಬೈಲಿಗೆ ಫೋನು ಬಂತು. ಮಾತಾಡಿದವರು ವಾಡಿಯಲ್ಲಿರುವ ಪಾದ್ರಿ, ಫಾದರ್ ಇನ್ನಯ್ಯ. ಕಾಲೇಜಿನವರು ನಿಮ್ಮ ಪತ್ರ ಓದಿದ್ದಾರೆ, ಅವರಿಗೆ ಸ್ವಲ್ಪ ಗೊಂದಲವಾಗಿದೆ, ನಾನು ಹತ್ತಿರದಲ್ಲಿರುವುದರಿಂದ ಮನೆಗೆ ಹೋಗಿ ನೋಡಿ ಬರಲು ಹೇಳಿದ್ದಾರೆ, ಶನಿವಾರ ಬೆಳಗ್ಗೆ ಬರುತ್ತೇನೆ ಎಂದರು. ರಾಯರು ಫೋನು ಇಟ್ಟು ಕುರ್ಚಿಯಿಂದ ಎದ್ದೇ ಬಿಟ್ಟರು.

"ತಂಡ ಬರ್ಲಿಕತ್ತದ!"

ಬರಗಾಲ ಬರೆದರೆ ನೋಡಲು ಮೇಲಿನಿಂದ ತಂಡ ಬರುತ್ತದೆ. ತಂಡ ಬಂದರೆ ಯಾವ ಹೊಲ ತೋರಿಸಬೇಕು ಎಂಬುದು ನಮ್ಮಂಥವರಿಗೆ ಹೇಳಿಕೊಡಬೇಕಾಗಿಲ್ಲ. ರಸ್ತೆಗೆ ಹತ್ತಿದ, ಕಾರಿನಿಂದ ಇಳಿಯದೆಯೂ ಕಣ್ಣೀರು ಬರುವಂಥ ಹೊಲ. ರಾಯರು ಶನಿವಾರಕ್ಕೆ ಸ್ವಂತ ಮನೆಯನ್ನೇ ಅಂಥ ಹೊಲ ಮಾಡಲು ಹೊರಟರು.

ಟೀವಿ, ಫ್ರಿಜ್ಜು, ಶುಭಾ ಗೆದ್ದ ಹನ್ನೊಂದು ಕಪ್ಪುಗಳು, ಚೌಕಟ್ಟು ಹಾಕಿಸಿದ ಪ್ರಮಾಣಪತ್ರಗಳು ಎಲ್ಲ ಕಾಂಪೌಂಡ್ ಗೋಡೆಯ ಮೇಲಿಂದ ಪಕ್ಕದ ಅಮೀರ್ಬೀ ಮನೆಗೆ ಹೋದವು. ಪದ್ಮಜಾಬಾಯಿ ಕೇಳಿದರೆ "ಪಾದ್ರಿಗಳಿಗೆ ಸರಳ ಜೀವನ ಇಷ್ಟ" ಎಂದರು. ಮೂವತ್ತು ವರ್ಷದಿಂದ ಆ ಮನೆಯ ಸುಖದುಃಖಕ್ಕೆಲ್ಲ ಒದಗಿದ ಅಮೀರ್ಬೀ ಮಾತ್ರ ಕೇಳುವವರಲ್ಲ, ಮಾಡುವವರು.

"ಇಷ್ಟು ಸಾಕೇನು ಭಾಯಿಸಾಬ್? ನಮ್ಮ ಮನ್ಯಾಗ ಹರಕ ಕೌದಿ ಅದ, ತರ್ಲಿ? ಕುಂಟ ಕುರ್ಚಿ ಅದ. ಬೇಕಾದ್ರ ನಾ ಬಂದು ಜರಾ ಅಳ್ತೀನಿ. ಬೇಟಿ ಸಲುವಾಗಿ ಅಷ್ಟು ಮಾಡ್ಲಿಲ್ಲಂದ್ರ ಹ್ಯಾಂಗ?"

"ಸಣ್ಣಗ ಅತ್ರ ಸಾಕು" ಎಂದರು ರಾಯರು. ಅಮೀರ್ಬೀಗೆ ಸಣ್ಣಗೆ ಮಾಡುವ ಕೆಲಸ ಯಾವುದೂ ಬರುವುದಿಲ್ಲ ಎಂಬುದು ಅವರಿಗೆ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ರುಕ್ಮಿಣಿಬಾಯಿಯವರನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸುವುದು, ಅವರು ನಡುನಡುವೆ ನರಳುವುದು ಎಂದಾಯಿತು. ಎಂಬತ್ತೊಂದು ವರ್ಷದ ಅವರು ಎರಡು ಷರತ್ತು ಹಾಕಿದರು. ಬೆಳಗಿನ ಮಡಿ ಮುಗಿಯುವವರೆಗೆ ಯಾರೂ ಮುಟ್ಟಬಾರದು, ನರಳುವಾಗ ಹರಿನಾಮ ಬಿಟ್ಟು ಬೇರೇನೂ ಅನ್ನುವುದಿಲ್ಲ. ಶುಭಾಳಿಗೆ ಅಪ್ಪ ಹೇಳಿದ್ದು ಇಷ್ಟೇ, ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ನಿಧಾನವಾಗಿ ಉತ್ತರ ಕೊಡು, ಹೆಚ್ಚು ತಿಳಿದವಳ ಹಾಗೆ ಕಾಣಬೇಡ.

"ತಿಳಿದದ್ದನ್ನ ಹೇಳ್ಬಾರದೇನ್ರಿ ಅಪ್ಪಾ? ಮತ್ತ ಯಾಕ ಬರ್ಲಿಕತ್ತಾರ ಅವ್ರು?"

"ಅನುಭವ ಇದ್ದಾವ ಹೇಳ್ಲಿಕತ್ತೀನಿ, ಕೇಳು."

ಶನಿವಾರ ಬಂತು. ಮೇ ತಿಂಗಳು, ಬೆಳಗಿನ ಹತ್ತಕ್ಕೇ ಫರಸಿ ನೆಲ ಕಾಲು ಸುಡುತ್ತಿತ್ತು. ಸಾಕ್ಷಿಗೆ ಇರಲಿ ಎಂದು ರಾಯರು ನನ್ನನ್ನೂ ಕರೆಸಿದ್ದರು. ಫಾದರ್ ಇನ್ನಯ್ಯ ವಾಡಿಯಿಂದ ಬಸ್ಸಿಗೆ ಬಂದು, ನಿಲ್ದಾಣದಿಂದ ನಡೆದು, ಕೈಚೀಲ ಹಿಡಿದು ಬೆವರುತ್ತ ಗೇಟಿನ ಹತ್ತಿರ ಬಂದರು. ತೆಲುಗು ಗಡಿಯ ಕುಂಚಾವರಂ ಕಡೆಯವರು, ದಪ್ಪ ಮೀಸೆ, ಸಾದಾ ಪ್ಯಾಂಟು ಅಂಗಿ. ಗೇಟು ತೆರೆದ ಸದ್ದು ಕೇಳಿದ್ದೇ ಪಡಸಾಲೆಯಲ್ಲಿ ಕಾದಿದ್ದ ಅಮೀರ್ಬೀ ಶುರು ಮಾಡಿದರು.

"ಯಾ ಅಲ್ಲಾ! ಹ್ಯಾಂಗಿದ್ದ ಮನಿ ಹ್ಯಾಂಗಾಯ್ತು! ಯಾರ ಕಣ್ಣು ಬಿತ್ತೋ!"

ಒಳಗೆ ಮಂಚದ ಮೇಲೆ ಕತ್ತಿನವರೆಗೆ, ಮಡಿಗೆಂದು ಒಗೆದು ಒಣಗಿಸಿದ ಹರಕು ಕೌದಿ ಹೊದ್ದು, ಸೆಖೆಗೆ ಕಣ್ಣು ಮುಚ್ಚಿ, ಅಲುಗಾಡದೆ ಮಲಗಿದ ರುಕ್ಮಿಣಿಬಾಯಿ. ಸುತ್ತಲೂ ನಿಂತ ನಾವು. ಬಿಕೋ ಎನ್ನುವ ಮನೆ. ಎಂಥವರಿಗಾದರೂ ಏನು ತಿಳಿಯಬೇಕೋ ಅದೇ ಫಾದರ್ ಅವರಿಗೂ ತಿಳಿಯಿತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ರಾಯರ ಭುಜ ಮುಟ್ಟಿ "ಯಾವಾಗ ಆಯ್ತು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಮಂಚದ ಬಳಿ ಮೊಣಕಾಲೂರಿ, ಮುದುಕಿಯ ಹಣೆಯ ಕಡೆಗೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಎಂದು ರುಕ್ಮಿಣಿಬಾಯಿ ದಿಗ್ಗನೆ ಎದ್ದು ಕುಳಿತರು. "ಮಡೀಲೆ ಅದೀನಿ!"

ಇಪ್ಪತ್ತೆರಡು ವರ್ಷದಿಂದ ಪಾದ್ರಿಯಾಗಿ ಎಷ್ಟೋ ಶವಗಳ ಮುಂದೆ ಪ್ರಾರ್ಥಿಸಿದ ಇನ್ನಯ್ಯನವರಿಗೆ ಇದು ಹೊಸದು. "ಅಯ್ಯೋ ದೇವುಡಾ" ಎಂದು ಹಿಂದಕ್ಕೆ ಜಿಗಿದರು. ಹಿಂದೆ ಅಮೀರ್ಬೀ ಕಾಲು ಇತ್ತು. ಅಮೀರ್ಬೀ ಆಗ ಅತ್ತದ್ದು ಮಾತ್ರ ನಟನೆಯಲ್ಲ.

ಎಲ್ಲರೂ ಸುಧಾರಿಸಿಕೊಂಡು ಕುಳಿತ ಮೇಲೆ, ಫಾದರ್ ಕುಂಟು ಕುರ್ಚಿಯಲ್ಲಿ ಒಂದು ಕಡೆಗೆ ವಾಲಿಕೊಂಡು ನೀರು ಕುಡಿದರು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದರು.

"ನೋಡ್ರಿ ರಾವ್ ಸಾಬ್, ಇನ್ನೂರಾ ಹದಿನಾರು ಅರ್ಜಿ ಬಂದಾವ. ಎಲ್ಲಾ ಅಪ್ಪ ಅಮ್ಮಂದಿರೂ ನಮ್ಮ ಮಗೂಗೆ ಸೀಟು ಸಿಗೋದು ಖಾತ್ರಿ ಅಂತ ಬರದಾರ. ನೀವೊಬ್ರು ಹಿಂಗ ಬರದೀರಿ. ನಮ್ಮ ಪ್ರಿನ್ಸಿಪಾಲರು ಕೇರಳದವ್ರು, ಆಣೆ ಅಂದ್ರ ಏನಂತ ಅವ್ರಿಗೆ ತಿಳೀಲಿಲ್ಲ. ಅಂಕ ನೋಡಿದ್ರ ತೊಂಬತ್ನಾಕು. ಈ ಅಪ್ಪ ಹುಚ್ಚನೋ, ಹುಡುಗಿಗೇನಾದ್ರೂ ತ್ರಾಸ ಅದನೋ, ನೋಡಿ ಬಾ ಅಂದ್ರು. ಓದ್ಲೇನು?"

"ಗೌಪ್ಯ ಅದ" ಎಂದರು ರಾಯರು ಸಣ್ಣ ದನಿಯಲ್ಲಿ.

"ಓದ್ರಿ" ಎಂದರು ಪದ್ಮಜಾಬಾಯಿ.

ಫಾದರ್ ಓದಿದರು. "ಮಾನ್ಯರೇ, ಕುಮಾರಿ ಶುಭಾ ಇವಳ ಪ್ರವೇಶ ಸಾಧ್ಯತೆಯ ಕುರಿತು ಖುದ್ದು ಸ್ಥಳ ಪರಿಶೀಲನೆ ಮಾಡಲಾಗಿ, ಬಿತ್ತನೆ ಸಕಾಲದಲ್ಲಿ ಆಗಿದ್ದಾಗ್ಯೂ, ಏಳನೇ ತರಗತಿಯಲ್ಲಿ ಕೊರೊನಾ ನಿಮಿತ್ತ ಶಾಲೆ ಮುಚ್ಚಿ ಬೆಳವಣಿಗೆ ಕುಂಠಿತವಾಗಿದ್ದು, ಇಂಗ್ಲಿಷ್ ವಿಷಯಕ್ಕೆ ನೆಟೆ ರೋಗ ತಗುಲಿದ್ದು, ರಸಾಯನಶಾಸ್ತ್ರದಲ್ಲಿ ಕೀಡೆಯ ಬಾಧೆ ಕಂಡುಬಂದಿರುತ್ತದೆ. ಸದರಿ ಮಗಳು ದಿನವಿಡೀ ಕಲ್ಲು ಆರಿಸುವುದರಿಂದ ಬೇರೆ ಯಾವ ಉಪಯೋಗಕ್ಕೂ ಬರುವಂತಿರುವುದಿಲ್ಲ. ಒಟ್ಟಾರೆ ಅಂದಾಜು ಮೂರಾಣೆ. ಆದ್ದರಿಂದ ಇವಳನ್ನು ಸಂಕಷ್ಟಪೀಡಿತಳೆಂದು ಘೋಷಿಸಿ, ಒಂದು ಸೀಟು ಪರಿಹಾರವಾಗಿ ಮಂಜೂರು ಮಾಡಲು ವಿನಂತಿ."

ಕಾಲು ಹಿಡಿದುಕೊಂಡು ಕೂತಿದ್ದ ಅಮೀರ್ಬೀ ಕೂಡ ಕಾಲು ಮರೆತರು. ಶುಭಾ ಅಪ್ಪ ಹೇಳಿಕೊಟ್ಟ ಹಾಗೆ ತಲೆ ತಗ್ಗಿಸಿ ನಿಂತಿದ್ದವಳು ಈಗ ತಲೆ ಎತ್ತಿದಳು.

"ಅಪ್ಪಾ, ನಿಮಗ ನಾ ಖರೇನ ಮೂರಾಣೆ ಅನಸ್ತೀನೇನು?"

ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ಕೇಳುವವರ ಹಾಗೆ ಕೇಳಿದಳು. ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಸ್ಕೇಲು ಹಿಡಿದವನು ನಾನಲ್ಲವೇ?

ರಾಯರು ಬಾಯಿ ತೆರೆದರು. "ಅದು ಹಂಗಲ್ಲವಾ, ಪದ್ಧತಿ ಏನದಂದ್ರ, ಕಡಿಮಿ ಬರದ್ರ..." ಎನ್ನುವಷ್ಟರಲ್ಲಿ ಮನೆಯ ಹೆಂಗಸರು ಏಕಕಾಲಕ್ಕೆ ಅವರ ಮೇಲೆ ಬಿದ್ದರು.

"ಉಪಯೋಗಕ್ಕ ಬರೂದಿಲ್ಲಂತ ಬರದೀರಲ್ಲ, ನಿಮ್ಮ ಮೊಬೈಲಿನ ಬಿಲ್ಲು ತುಂಬೋದು ಯಾರು? ನಿಮ್ಮ ಆಫೀಸಿನ ಆ್ಯಪು ನಡಸೋದು ಯಾರು?" ಎಂದು ಪದ್ಮಜಾಬಾಯಿ.

"ನೀ ಎಸ್ಸೆಸ್ಸೆಲ್ಸಿ ಎರಡ ಸಲ ಕುಂತಿದ್ದಿ ಪಾಂಡ್ಯಾ!" ಎಂದು ರುಕ್ಮಿಣಿಬಾಯಿ ಕೌದಿ ಒಗೆದು ಎದ್ದರು. "ನಿಮ್ಮಪ್ಪ ಆವಾಗ ನಿನಗ ಎಷ್ಟಾಣೆ ಅಂದಿದ್ರು, ಹೇಳ್ಲೇನು ಎಲ್ಲಾರ ಮುಂದ?"

ಅಮೀರ್ಬೀ ಬೈಯುತ್ತ ಕೂರಲಿಲ್ಲ. ಕುಂಟುತ್ತ ತಮ್ಮ ಮನೆಯ ಹಿತ್ತಲಿಗೆ ಹೋದರು. ಒಂದು ನಿಮಿಷಕ್ಕೆ ಕಾಂಪೌಂಡ್ ಗೋಡೆಯ ಮೇಲೆ ಒಂದು ಬೆಳ್ಳಿ ಬಣ್ಣದ ಕಪ್ಪು ಕಾಣಿಸಿಕೊಂಡಿತು. "ಇದು ಜಿಲ್ಲಾ ವಿಜ್ಞಾನ ಮೇಳದ್ದು, ತಗೋರಿ ದೇವಿಂದ್ರಪ್ಪ!" ನಾನು ತೆಗೆದುಕೊಂಡು ಬಂದು ಫಾದರ್ ಮುಂದೆ ಇಟ್ಟೆ. "ಇದು ಕ್ವಿಜ್ಜಿಂದು! ಇದು ಚಿತ್ತಾಪುರದಾಗ ಭಾಷಣಕ್ಕ ಕೊಟ್ಟಿದ್ದು!" ಹನ್ನೊಂದೂ ಬಂದವು, ಪ್ರಮಾಣಪತ್ರಗಳು ಬಂದವು. ಆ ಭರದಲ್ಲಿ ಅಮೀರ್ಬೀ ಮೊಮ್ಮಗ ಕ್ರಿಕೆಟ್ಟಿನಲ್ಲಿ ಗೆದ್ದ ಒಂದು ಕಪ್ಪೂ ಬಂತು. ಫಾದರ್ ಸುತ್ತ ಕಪ್ಪುಗಳು ಏರಿ, ಅವರು ಯಾವುದೋ ಪಂದ್ಯ ಗೆದ್ದು ಬಂದವರ ಹಾಗೆ ಕಾಣುತ್ತಿದ್ದರು. ಕೊನೆಗೆ ಗೋಡೆಯ ಮೇಲೆ ಟೀವಿಯ ಮೂಲೆ ಕಂಡಾಗ ಅವರೇ ಕೈ ಎತ್ತಿ "ಸಾಕಮ್ಮಾ, ತಿಳೀತು" ಎಂದರು.

ಆಮೇಲೆ ರಾಯರ ಕಡೆ ತಿರುಗಿದರು. "ಇನ್ನೊಂದು ಹಾಳಿ ಕೊಡ್ತೀನಿ. ಮತ್ತ ಬರೀರಿ. ಈ ಸಲ ಪರಿಹಾರಕ್ಕಲ್ಲ. ನಿಮಗ ಏನನಸ್ತದ ಅದನ್ನ ಬರೀರಿ."

ರಾಯರು ಹಾಳೆ ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತರು. ಒಮ್ಮೆ ಬರೆದ ಅಂದಾಜನ್ನು ಏರಿಸುವುದಕ್ಕೆ ಪಂಚನಾಮೆ ಬೇಕು, ಸಾಕ್ಷಿ ಬೇಕು ಎಂದು ಗೊಣಗಿದರು. ಆಯಿತು, ಪಂಚನಾಮೆಯನ್ನೇ ಮಾಡಿ ಎಂದೆವು. ಬಹಳ ಹೊತ್ತು ಪೆನ್ನು ಹಾಳೆಗೆ ತಾಗಲಿಲ್ಲ. ಏಳಾಣೆ ದಾಟದ ಕೈ ಅದು. ಕೊನೆಗೆ ಒಂದೇ ಸಾಲು ಬರೆದು ನನ್ನ ಕೈಗೆ ಕೊಟ್ಟರು. "ನನ್ನ ಮಗಳು ಹದಿನಾರಾಣೆ. ಮೊದಲು ಬರೆದದ್ದು ನನ್ನ ಮೂರ್ಖತನ." ಕೆಳಗೆ ಪೂರ್ತಿ ಸಹಿ, ತಾರೀಕು. ನಾನು ಸಾಕ್ಷಿ ಹಾಕಿದೆ. ಪದ್ಮಜಾಬಾಯಿ ಹಾಕಿದರು. ಅಮೀರ್ಬೀ ಉರ್ದುವಿನಲ್ಲಿ ಹಾಕಿದರು. ರುಕ್ಮಿಣಿಬಾಯಿ ಹಾಳೆಯನ್ನು ನೆಲದ ಮೇಲೆ ಇಡಿಸಿ, ಯಾರನ್ನೂ ಮುಟ್ಟದೆ, ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿ ಹಾಕಿದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಾಗಿತ್ತು. ಆದರೆ ಫಾದರ್ ಆ ಹಾಳೆಯನ್ನು ಶುಭಾಳ ಕೈಗೆ ಕೊಟ್ಟರು. ಅವಳು ಓದಿದಳು. ಒಂದು ಸಲ ಅಪ್ಪನ ಮುಖ ನೋಡಿದಳು. ಮತ್ತೆ ಓದಿದಳು.

"ಇದೂ ಬರೋಬ್ಬರಿ ಇಲ್ಲ" ಎಂದಳು.

"ಯಾಕವಾ?" ಎಂದರು ಫಾದರ್.

"ಹದಿನಾರು ಭಾಳ ಆಯ್ತ್ರಿ. ನಂದು ಎಂಟಾಣೆ ಇದ್ದೀತು. ಇಂಗ್ಲಿಷ್ ಓದ್ತೀನಿ, ಬರೀತೀನಿ, ಮಾತಾಡಾಕ ಹೋದ್ರ ನಡಕ ಬರ್ತದ. ಲ್ಯಾಬಿನ ಸಾಮಾನು ಭಾಳ ಮುಟ್ಟಿ ನೋಡಿಲ್ಲ, ನಮ್ಮ ಕಾಲೇಜಿನಾಗ ಕಪಾಟಿಗೆ ಕೀಲಿ ಹಾಕಿಡ್ತಿದ್ರು. ಹೋದ ವರ್ಷ ನಿಮ್ಮಲ್ಲಿ ಕಡೀ ಸೀಟು ತೊಂಬತ್ಮೂರಕ್ಕ ನಿಂತದ. ಈ ವರ್ಷ ಪೇಪರು ಹಗುರ ಇತ್ತು, ಎಲ್ಲಾರಿಗೂ ಒಂದೊಂದು ಮಾರ್ಕು ಏರ್ಯದ. ಅಂದ್ರ ನಾ ಸೀಮಿ ಮ್ಯಾಲೇ ಅದೀನಿ. ನಲವತ್ತು ಸೀಟಿನಾಗ ಮೂವತ್ತೆಂಟನೇದಾಕಿ ಆದೇನು, ಇಲ್ಲಾ ನಲವತ್ತೆರಡನೇದಾಕಿ ಆದೇನು. ಅದಕ್ಕಿಂತ ಜಾಸ್ತಿ ಹೇಳಿದ್ರ ಸುಳ್ಳಾಗ್ತದ."

ಫಾದರ್ ಅವಳನ್ನೇ ನೋಡುತ್ತಿದ್ದರು. ಆಮೇಲೆ ಕಾಲಿನಿಂದ ನೆಲ ತಟ್ಟಿದರು. "ಇದೇನು ಹೇಳು ನೋಡೋಣ."

"ಸುಣ್ಣಕಲ್ಲು, ಪದರ ಪದರ ಕುಂತದ್ದು. ಸಮುದ್ರದ ತಳದಾಗ ಆಗಿದ್ದು. ನಾವು ಕುಂತ ಜಾಗಾ ಒಂದ ಕಾಲಕ್ಕ ಸಮುದ್ರ ಇತ್ತು."

"ಸಮುದ್ರನ?" ಎಂದರು ರುಕ್ಮಿಣಿಬಾಯಿ. "ನಮ್ಮ ಪಡಸಾಲ್ಯಾಗ? ಮತ್ತ ಹಿಂಗ್ಯಾಕ ನಳಕ್ಕ ಎಂಟ ದಿನಕ್ಕೊಮ್ಮೆ ನೀರು?"

ಮೊದಲ ಬಾರಿಗೆ ಎಲ್ಲರೂ ನಕ್ಕರು. ಶುಭಾ ನಗಲಿಲ್ಲ. ಅವಳು ಫಾದರ್ ಮುಖವನ್ನೇ ನೋಡುತ್ತಿದ್ದಳು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮೂರಾಣೆಯ ಹಾಳೆ, ಹದಿನಾರಾಣೆಯ ಹಾಳೆ, ಮಗಳು ಹೇಳಿದ್ದನ್ನು ತಾವೇ ಬರೆದುಕೊಂಡ ಹಾಳೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದರು. ಪದ್ಮಜಾಬಾಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಮಾತ್ರ ಬೇಡ ಎನ್ನಲಿಲ್ಲ.

ಹದಿನೈದು ದಿನಕ್ಕೆ ಪಟ್ಟಿ ಬಂತು. ಶುಭಾ ಅದನ್ನು ಮೊಬೈಲಿನಲ್ಲಿ ನೋಡಿದಳು. ನಲವತ್ತು ಹೆಸರು, ಅವುಗಳಲ್ಲಿ ಅವಳದಿಲ್ಲ. ಕೆಳಗೆ ಕಾಯುವವರ ಪಟ್ಟಿ. ಅದರಲ್ಲಿ ಎರಡನೆಯದು ಅವಳದು. ಅಂದರೆ ನಲವತ್ತೆರಡು. ಇಪ್ಪತ್ತೆಂಟು ವರ್ಷ ಅಂದಾಜು ಮಾಡಿದ ಅಪ್ಪ ಕೆಳಗೂ ತಪ್ಪಿದ್ದ, ಮೇಲೂ ತಪ್ಪಿದ್ದ. ಮಗಳು ಒಂದೇ ಸಲಕ್ಕೆ ಹೊಡೆದಿದ್ದಳು. ಹೊಡೆದು ಏನು ಪ್ರಯೋಜನ? ಅವಳು ಕಪಾಟಿನ ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಕಲಬುರ್ಗಿಯ ಅಕ್ಕ ದಿನಕ್ಕೆ ಮೂರು ಸಲ ಫೋನು ಮಾಡಿ, ಹುಡುಗಿಗೆಂದೇ ಹೊಸ ತಾಮ್ರದ ಕೊಡ ತಂದಿಟ್ಟಿದ್ದೇನೆ, ಯಾವಾಗ ಕಳಿಸುತ್ತೀರಿ ಎಂದು ಕೇಳುತ್ತಿದ್ದರು.

ರಾಯರು ಕಚೇರಿಗೆ ಬಂದು ಸುಮ್ಮನೆ ಕೂರುತ್ತಿದ್ದರು. ನಾನೇ ಚಹಾ ತರಿಸಿದರೂ ಕುಡಿಯಲಿಲ್ಲ. "ನನ್ನ ಕೈಯ್ಯಾರೆ ಆಕೀ ಸೀಟು ತೆಗದೆ ದೇವಿಂದ್ರಪ್ಪ" ಎಂದು ಒಂದೇ ಮಾತು. ಹಾಗಲ್ಲ ಎಂದು ಹೇಳಲು ನನಗೂ ಧೈರ್ಯ ಇರಲಿಲ್ಲ. ಅವರನ್ನು ಒಬ್ಬರೇ ಬಿಡಬಾರದೆಂದು ದಿನವೂ ಸಂಜೆ ಮನೆಯವರೆಗೆ ಜೊತೆಗೆ ಹೋಗುತ್ತಿದ್ದೆ.

ಎಂಟನೆಯ ದಿನ ಸಂಜೆ ನಾಲ್ಕೂವರೆಗೆ ನಾವು ಮನೆ ಮುಟ್ಟಿದ್ದೆವು. ಅವರ ಫೋನು ರಿಂಗಾಯಿತು. ಅಕ್ಕನದೇ ಇರಬೇಕೆಂದು ರಾಯರು ಎತ್ತಲು ಹೋಗಲಿಲ್ಲ, ಪದ್ಮಜಾಬಾಯಿ ಗುಂಡಿ ಒತ್ತಿ ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಸಿಕಂದರಾಬಾದಿನ ಕಾಲೇಜಿನ ಗುಮಾಸ್ತೆ. ಇಬ್ಬರು ಬೇರೆ ಕಡೆ ಸೇರಿದ್ದಾರೆ, ಎರಡು ಸೀಟು ಖಾಲಿ, ಕಾಯುವವರಲ್ಲಿ ಎರಡನೆಯವರು ನಿಮ್ಮ ಮಗಳು. ಐದು ಗಂಟೆಯೊಳಗೆ ತಂದೆ ಖಾತ್ರಿ ಹೇಳಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. "ನಿಮ್ಮ ಹುಡುಗಿ ಬರ್ತಾಳಾ ಸರ್?"

ಶುಭಾಳ ಕೈಯಲ್ಲಿ ಒಂದು ಕಲ್ಲು ಇತ್ತು. ಅದನ್ನು ಹಿಡಿದವಳು ಹಾಗೇ ನಿಂತಳು. ಗೋಡೆಯ ಆಚೆ ಅಮೀರ್ಬೀ ಪಾತ್ರೆ ತಿಕ್ಕುವ ಸದ್ದು ನಿಂತಿತು.

ರಾಯರು ಫೋನಿನ ಹತ್ತಿರ ಬಾಗಿದರು. "ಈಗಿನ ಪರಿಸ್ಥಿತಿ ನೋಡಿದ್ರ, ಅಂದಾಜು..."

"ಅಂದಾಜು ಬೇಡ ಸರ್. ಬರ್ತಾಳೋ, ಇಲ್ಲೋ?"

ರಾಯರು ಮಗಳನ್ನು ನೋಡಿದರು. ಪಡಸಾಲೆಯನ್ನು, ತಾಯಿಯನ್ನು, ಅರ್ಧ ತುಂಬಿದ ಗೋಣಿಚೀಲವನ್ನು ನೋಡಿದರು.

"ಬರ್ತಾಳ" ಎಂದರು. ಸಾಲದೆಂಬಂತೆ ಇನ್ನೊಮ್ಮೆ ಹೇಳಿದರು. "ಬರ್ತಾಳ್ರಿ. ನಾನ ಕರ್ಕೊಂಡು ಬರ್ತೀನಿ."

ಫೋನು ಕಟ್ಟಾಯಿತು. ಗೋಡೆಯ ಆಚೆಯಿಂದ "ಯಾ ಅಲ್ಲಾ, ಶುಕರ್!" ಎಂಬ ಕೂಗು, ಜೊತೆಗೆ ಒಂದು ಪಾತ್ರೆ ಬಿದ್ದ ಸದ್ದು. ರುಕ್ಮಿಣಿಬಾಯಿ ಮಡಿ ಮರೆತು ಮೊಮ್ಮಗಳನ್ನು ಅಪ್ಪಿಕೊಂಡರು. ಪಾಂಡುರಂಗರಾಯರು ಮಾತ್ರ ನೆಲದ ಮೇಲೆ ಕುಳಿತು, ಎಲ್ಲರ ಎದುರಿಗೆ, ಬಿಕ್ಕಿ ಬಿಕ್ಕಿ ಅಳತೊಡಗಿದರು.

ಶುಭಾ ಓಡಿ ಬಂದು ಪಕ್ಕ ಕುಳಿತಳು. "ಯಾಕ ಅಳ್ತೀರಿ ಅಪ್ಪಾ? ಸೀಟು ಸಿಕ್ತಲ್ಲ?"

"ಸಿಕ್ತಲ್ಲ, ಅದಕ್ಕ ಅಳಾಕತ್ತೀನಿ, ಸುಮ್ನಿರು" ಎಂದರು ರಾಯರು.